ಬೋರ್ಡೋ ಎಂಬ ಊರು, ನಮ್ಮ ಆಗುಂಬೆ



ಮುಂಗಾರು ಹಿಡಿಯುವ ಮುನ್ನ ನಮ್ಮ ತೋಟಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಪರದೇಶದ ಹೆಸರೆಂದರೆ ಬೋರ್ಡೋ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮರವೇರುವ ಕೊನೆಗಾರನಿಗೂ ಈ ಲೆಕ್ಕ ಬಾಯಿಪಾಠ. ಅದು ಫ್ರಾನ್ಸ್ ದೇಶದ ಒಂದು ಪಟ್ಟಣದ ಹೆಸರೆಂಬುದು ಮಾತ್ರ ಅನೇಕರಿಗೆ ತಿಳಿದಿರಲಾರದು.

ಗರೋನ್ ನದಿಯ ದಡದ ಆ ಪಟ್ಟಣದ ಸುತ್ತ ದ್ರಾಕ್ಷಿ ತೋಟಗಳಿವೆ. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿನ ಮೆಡೋಕ್ ಸೀಮೆಯ ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಸಾಲುಗಳಿಗೆ ಬೂಜುರೋಗ ತಗುಲದಿರುವುದನ್ನು 1882ರಲ್ಲಿ ಕಂಡವರು ಬೋರ್ಡೋದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ಡೆ. 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. ನಮ್ಮ ಕೊಳೆರೋಗದ ಅಣುಜೀವಿಯೂ ಅದೇ ಬಳಗದ್ದು. ಮೈಸೂರು ಸಂಸ್ಥಾನದಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ದ್ರಾವಣವನ್ನು ಅಡಿಕೆಗೆ ಪ್ರಯೋಗಿಸಿದ ಮೇಲೆ, ಗೊನೆಗೊನೆಗೂ ಕೊಟ್ಟೆ ಕಟ್ಟುವ ಕಷ್ಟ ಕ್ರಮೇಣ ಕಡಿಮೆಯಾಯಿತು. ದ್ರಾಕ್ಷಿ ಕಳ್ಳರಿಗೂ ಒಂದು ನಮಸ್ಕಾರ ಸಲ್ಲಬೇಕು!

ಇಂದು ಆ ಊರಿಗೆ ಪ್ರವಾಸ ಹೋದವರು ನದಿದಂಡೆಯ ಹಳೆಯ ಕಲ್ಲುಕಟ್ಟಡಗಳನ್ನೂ 2016ರಲ್ಲಿ ತೆರೆದ ದ್ರಾಕ್ಷಾರಸದ ವಸ್ತುಸಂಗ್ರಹಾಲಯವನ್ನೂ ನೋಡಿ, ಬಳಿಕ ತೋಟಗಳಿಗೆ ಹೋಗುತ್ತಾರೆ. ಅಲ್ಲಿ ನೆಲಮಾಳಿಗೆಯ ಪೀಪಾಯಿಗಳನ್ನು ತೋರಿಸಿ, ಮಣ್ಣಿನ ಗುಣ ವಿವರಿಸಿ, ಆ ತೋಟದ್ದೇ ರಸವನ್ನು ಲೋಟಕ್ಕೆ ಬಗ್ಗಿಸಿ ಕೊಡುತ್ತಾರೆ. ಸೀಸೆಯ ಮೇಲೆ ಊರಿನ ಹೆಸರು, ತೋಟದ ಹೆಸರು. ರಸ ತಿಳಿಗೊಳಿಸಲು ಮೊಟ್ಟೆಯ ಬಿಳಿಭಾಗ ಬಳಸಿ ಉಳಿದ ಹಳದಿಯಿಂದ ಹುಟ್ಟಿತೆನ್ನುವ ಕಾನೆಲೆ ಎಂಬ ಸಿಹಿತಿಂಡಿಗೂ ಗಿರಾಕಿಗಳುಂಟು. ಮಿಕ್ಕಿದ್ದರಿಂದಲೂ ಊರಿಗೆ ಹೆಸರು, ಬೆಳೆಗಾರನಿಗೆ ಕಾಸು.

ಬೋರ್ಡೋ ಬಳಿಯ ಸೇಂತೆಮಿಲಿಯೋಂ ದ್ರಾಕ್ಷಿ ಸೀಮೆ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪಶ್ಚಿಮಘಟ್ಟದೊಡನೆ ನಮ್ಮ ಆಗುಂಬೆಯ ಕಾಡು 2012ರಲ್ಲಿ ಅದೇ ಪಟ್ಟಿ ಸೇರಿದೆ. ಆದರೆ ಇಲ್ಲಿಗೆ ಬಂದವರು ಸೂರ್ಯಾಸ್ತ ನೋಡಿ, ಎಲ್ಲಿಯದೋ ದಿಢೀರ್ ಕಾಫಿ ಕುಡಿದು, ಪೊಟ್ಟಣದ ಕುರುಕಲು ತಿಂದು, ಖಾಲಿ ಪೊಟ್ಟಣವನ್ನು ನಮಗೆ ಬಿಟ್ಟು ಘಾಟಿ ಇಳಿಯುತ್ತಾರೆ. ಮಲೆನಾಡಿನ ಕಾಫಿಯ ರುಚಿ ಅವರಿಗೆ ತಿಳಿಯುವುದಾದರೂ ಹೇಗೆ?

ದ್ರಾಕ್ಷಾರಸ ನಮ್ಮ ಪದ್ಧತಿಯಲ್ಲ, ಬೇಡ. ಆಗುಂಬೆಯಲ್ಲಿ ಸಹಕಾರಿ ತತ್ತ್ವದ ಮೇಲೆ ಒಂದು ಮಳಿಗೆ ಬೇಕೆಂಬುದಷ್ಟೇ ನಮ್ಮ ವಾದ. ನಮ್ಮ ತೋಟದ ಕಾಫಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲ ಶರಬತ್ತು, ಸಾಗರದ ಕಡೆಯ ತೊಡದೇವು ಅಲ್ಲಿ ಸಿಗಲಿ. ಪ್ರತಿಯೊಂದರ ಮೇಲೂ ಬೆಳೆದ ಊರಿನ ಹೆಸರಿರಲಿ. ಕೊಳೆಯ ಜೊತೆಗೆ ಎಲೆಚುಕ್ಕಿ ರೋಗವೂ ಸೇರಿ ಫಸಲು ಕೈಕೊಡುತ್ತಿರುವಾಗ, ಎರಡೆಕರೆಯವನಿಗೆ ಅಡಿಕೆಯೊಂದನ್ನೇ ನಂಬಿ ಕೂರುವ ಧೈರ್ಯ ಎಲ್ಲಿಂದ ಬರಬೇಕು?

ಆಳುಗಳೇ ಸಿಗದ ಕಾಲದಲ್ಲಿ ಇದನ್ನು ಯಾರು ಮಾಡುತ್ತಾರೆ ಎಂದು ಕೇಳಬಹುದು. ಹಪ್ಪಳ, ಉಪ್ಪಿನಕಾಯಿಯ ಕೆಲಸ ಮನೆಯ ಹೆಂಗಸರು ಈಗಲೂ ಮಾಡುತ್ತಿದ್ದಾರೆ, ಬಿಟ್ಟಿಯಾಗಿ. ಮಳಿಗೆಯಾದರೆ ಆ ಹಣ ಅವರ ಹೆಸರಿನ ಖಾತೆಗೇ ಜಮೆಯಾಗಬೇಕು, ಯಜಮಾನರ ಖಾತೆಗಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಯಾರಾದರೂ ಸೂಚಿಸಿದರೆ ಅನುಮೋದಿಸಲು ನಾವು ಸಿದ್ಧ.