ಟೆಕ್ಸಸ್ಸಿನ ಹನುಮಂತ, ಶಹಾಪುರದ ಹತ್ತಿ

ಬೆಂಗಳೂರಿನ ಎರಡು ಮಾಸಿಕಗಳು ಒಂದೇ ತಿಂಗಳಲ್ಲಿ ಅಮೆರಿಕದ ಮೇಲೆ ವಿಶೇಷ ಸಂಚಿಕೆ ತಂದಿವೆ. ಒಂದಕ್ಕೆ ಟ್ರಂಪ್ ನಾಗರಿಕತೆಯ ಶತ್ರು, ಇನ್ನೊಂದಕ್ಕೆ ನಾಗರಿಕತೆಯ ಕಾವಲುಗಾರ. ಎರಡನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆವು. ಬೀದರದಿಂದ ಬಳ್ಳಾರಿವರೆಗಿನ ಒಬ್ಬ ಲೇಖಕನೂ ಅವುಗಳಲ್ಲಿ ಇಲ್ಲ. ಅದು ನಮಗೆ ಅಭ್ಯಾಸವಾದ ನೋವು. ಆದರೆ ಈ ಸಲ ಎರಡೂ ಪತ್ರಿಕೆಗಳು ನಮ್ಮ ಪತ್ರಿಕೆಯ ಹೆಸರನ್ನು ಎಳೆದು ತಂದಿವೆ. ಮೊದಲನೆಯದು ನಮ್ಮನ್ನು ಜಾಗತಿಕ ಬಲಪಂಥದ ಯಾದಗಿರಿ ಶಾಖೆ ಎಂದು ಬೈದಿದೆ, ಎರಡನೆಯದು ಅದೇ ಮಾತನ್ನು ಹೊಗಳಿಕೆಯಾಗಿ ಬರೆದು ನಮ್ಮನ್ನು ತನ್ನ ಬಳಗಕ್ಕೆ ಸೇರಿಸಿಕೊಂಡಿದೆ. ಬೈಗುಳ, ಹೊಗಳಿಕೆ ಎರಡನ್ನೂ ಹಿಂದಿರುಗಿಸುತ್ತಿದ್ದೇವೆ.

ನಾವು ಸಂಪ್ರದಾಯವಾದಿಗಳು. ಇದನ್ನು ಮೊದಲ ಸಂಚಿಕೆಯಿಂದಲೂ ಮುಚ್ಚಿಟ್ಟಿಲ್ಲ. ಮನೆ, ಮಠ, ದರ್ಗಾ, ಜಾತ್ರೆ, ಹಿರಿಯರ ಮಾತು, ಊರಿನ ಕನ್ನಡ ಶಾಲೆ, ಇವೆಲ್ಲ ಒಮ್ಮೆ ಹಾಳಾದರೆ ಸರ್ಕಾರದ ಆದೇಶದಿಂದ ಮತ್ತೆ ಕಟ್ಟಲು ಬರುವುದಿಲ್ಲ ಎಂದು ನಂಬಿದವರು. ಹಾಗೆ ನಂಬಿದ್ದರಿಂದಲೇ ಅಮೆರಿಕದ ಸಂಸ್ಕೃತಿ ಯುದ್ಧವನ್ನು ಹಡಗಿನಲ್ಲಿ ಬಂದ ಸರಕಿನಂತೆ ಇಳಿಸಿಕೊಂಡು, ಅದನ್ನೇ ನಮ್ಮ ಧರ್ಮರಕ್ಷಣೆ ಎಂದು ಮಾರುವವರ ಮೇಲೆ ನಮಗೆ ಸಿಟ್ಟು.

ಟೆಕ್ಸಸ್ಸಿನ ಶುಗರ್ ಲ್ಯಾಂಡ್ ಪಟ್ಟಣದ ಅಷ್ಟಲಕ್ಷ್ಮಿ ದೇವಾಲಯದಲ್ಲಿ 2024ರ ಆಗಸ್ಟಿನಲ್ಲಿ 90 ಅಡಿಯ ಹನುಮಂತನನ್ನು ನಿಲ್ಲಿಸಿದರು. ಮರುವರ್ಷ ಸೆಪ್ಟೆಂಬರಿನಲ್ಲಿ, ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ಟಿಕೆಟ್ ಬಯಸಿದ್ದ ಅಲೆಕ್ಸಾಂಡರ್ ಡಂಕನ್ ಎಂಬಾತ ಅದನ್ನು ಸುಳ್ಳು ದೇವರ ಸುಳ್ಳು ಮೂರ್ತಿ ಎಂದು ಕರೆದು, ಕ್ರೈಸ್ತ ರಾಷ್ಟ್ರದಲ್ಲಿ ಇದಕ್ಕೇಕೆ ಜಾಗ ಎಂದು ಕೇಳಿದ. ಅಕ್ಟೋಬರಿನಲ್ಲಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮಿಸಿಸಿಪ್ಪಿಯ ಸಭೆಯಲ್ಲಿ, ಹಿಂದೂ ಮನೆಯಲ್ಲಿ ಬೆಳೆದ ತಮ್ಮ ಹೆಂಡತಿ ಮುಂದೊಂದು ದಿನ ಚರ್ಚಿನ ನಂಬಿಕೆಗೆ ಬರಲಿ ಎಂಬುದು ತಮ್ಮ ಆಸೆ ಎಂದರು. ವ್ಯಾನ್ಸ್ ಅವರನ್ನು ನಾವು ದೂರುವುದಿಲ್ಲ. ತನ್ನ ಧರ್ಮವನ್ನು ಗಟ್ಟಿಯಾಗಿ ನಂಬಿದವನು ಮನೆಯವರೂ ಅದೇ ದಾರಿಗೆ ಬರಲಿ ಎಂದು ಬಯಸುವುದು ಸಹಜ, ಬಾಯಿಬಿಟ್ಟು ಹೇಳುವುದು ಪ್ರಾಮಾಣಿಕತೆ. ನಮ್ಮ ತಕರಾರು ಇಲ್ಲಿಯವರ ಜೊತೆ. 2024ರ ನವೆಂಬರಿನಲ್ಲಿ ಅಲ್ಲಿಯ ಟ್ರಂಪ್ ಗೆಲುವನ್ನು ಹಿಂದೂ ಗೆಲುವು ಎಂದು ಬರೆದ ಲೇಖನಿಗಳು ಹನುಮಂತನ ಪ್ರಸಂಗಕ್ಕೆ ಒಂದು ಸಾಲನ್ನೂ ಕೊಡಲಿಲ್ಲ. ನಮ್ಮ ಕಡೆ ಅಗಸಿ ಬಾಗಿಲಲ್ಲಿ ಹನುಮಂತ ಇಲ್ಲದ ಊರು ತೋರಿಸಿರಿ ನೋಡೋಣ. ಆ ಊರವರ ಮುಂದೆ ನಿಂತು ಡಂಕನ್ನನ ಪಕ್ಷ ನಮ್ಮ ಪಕ್ಷ ಎಂದು ಹೇಳುವ ಧೈರ್ಯ ಆ ಸಂಪಾದಕರಿಗೆ ಇದೆಯೇ?

ಇನ್ನು ಹತ್ತಿಯ ಮಾತು. ಇದು ಸಾಹಿತ್ಯ ಪತ್ರಿಕೆಯ ವಿಷಯ ಅಲ್ಲ ಎನ್ನುವವರು ಶಹಾಪುರದ ಜಿನ್ನಿಂಗ್ ಮಿಲ್ಲುಗಳ ಮುಂದೆ ಒಂದು ಸುಗ್ಗಿಯ ದಿನ ನಿಂತು ಬರಲಿ. 2025ರ ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ ಅಮೆರಿಕ ಶೇಕಡಾ 50 ಸುಂಕ ಹಾಕಿತು. ಅದಕ್ಕೆ ಒಂದು ವಾರ ಮುಂಚೆ, ಆಗಸ್ಟ್ 19ರಂದು, ಹೊರದೇಶದ ಹತ್ತಿಯ ಮೇಲೆ ನಮ್ಮಲ್ಲಿದ್ದ ಶೇಕಡಾ 11 ಆಮದು ಸುಂಕವನ್ನು ದಿಲ್ಲಿ ತೆಗೆದಿತ್ತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದರು, ಆಮೇಲೆ ಡಿಸೆಂಬರ್ ಕೊನೆಯವರೆಗೆ ಎಳೆದರು. ನಮ್ಮ ಸಗರನಾಡಿನ ರೈತ ಹತ್ತಿ ಬಿಡಿಸಿ ಪೇಟೆಗೆ ತರುವ ತಿಂಗಳುಗಳೇ ಅವು. ಆ ವರ್ಷ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್ಲಿಗೆ 8,110 ರೂಪಾಯಿ. ಅದು ಖರೀದಿ ಕೇಂದ್ರದ ತಕ್ಕಡಿಗೆ ಮುಟ್ಟಿದವನಿಗೆ. ಸಾಲ ಕೊಟ್ಟ ದಲ್ಲಾಳಿಯ ಅಂಗಡಿಗೇ ಚೀಲ ಇಳಿಸಬೇಕಾದವನ ಕತೆ ಬೇರೆ. ಅಮೆರಿಕದ ಸಂಪ್ರದಾಯವಾದಿ ತನ್ನ ಕಾರ್ಖಾನೆಯನ್ನು, ತನ್ನ ಕೂಲಿಯನ್ನು ಕಾಯಲು ಸುಂಕದ ಗೋಡೆ ಎತ್ತುತ್ತಾನೆ. ಪ್ಯಾಟ್ರಿಕ್ ಬುಕ್ಯಾನನ್ ಮೂವತ್ತು ವರ್ಷಗಳ ಹಿಂದೆಯೇ ಆ ವಾದ ಹೂಡಿದ್ದರು. 1992ರ ಹೂಸ್ಟನ್ ಸಮಾವೇಶದಲ್ಲಿ ದೇಶದ ಆತ್ಮಕ್ಕಾಗಿ ಸಂಸ್ಕೃತಿ ಯುದ್ಧ ನಡೆದಿದೆ ಎಂದು ಸಾರಿದವರೂ ಅವರೇ. ತನ್ನ ನೆಲದವರ ಮೇಲಿನ ಆ ಕಕ್ಕುಲಾತಿಯನ್ನು ನಾವು ಗೌರವಿಸುತ್ತೇವೆ. ಅದೇ ಕಕ್ಕುಲಾತಿ ನಮ್ಮ ಹತ್ತಿ ಬೆಳೆಗಾರನ ಮೇಲೆ ಇಲ್ಲಿಯ ಅವರ ಅನುಯಾಯಿಗಳಿಗೆ ಯಾಕೆ ಹುಟ್ಟಲಿಲ್ಲ? ಸುಂಕ ತೆಗೆದ ತಿಂಗಳು ಅವರ ಪತ್ರಿಕೆ ಯಾವ ಅಂಕಣ ಹಾಕಿತ್ತು ಎಂದು ತೆಗೆದು ನೋಡಿದೆವು: ಹಾರ್ವರ್ಡಿನ ಪ್ರಾಧ್ಯಾಪಕರ ಎಡಪಂಥ.

ಹಾರ್ವರ್ಡ್ ಬಂತೆಂದರೆ ಇನ್ನೊಂದು. 2023ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಿಶ್ವವಿದ್ಯಾಲಯ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ನಿಲ್ಲಿಸಿದಾಗ ಇವರು ಹಬ್ಬ ಮಾಡಿದರು, ಅದೇ ವಾದವನ್ನು ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಮೇಲೆ ತಿರುಗಿಸಿದರು. 2012ರಲ್ಲಿ ಸಂಸತ್ತು ಒಪ್ಪಿದ ಆ ತಿದ್ದುಪಡಿ ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ನೂರಕ್ಕೆ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ಬರುವಂತೆ ಮಾಡಿದೆ. ಊರಿನ ಹುಡುಗ ಡಾಕ್ಟರಾಗಿ ಊರಿಗೇ ಬರುವ ದಾರಿ ತೆರೆಯುವುದು ಸಂಪ್ರದಾಯವಾದಿ ಕೆಲಸವೇ. ಅದನ್ನು ಕಿತ್ತುಕೊಳ್ಳಲು ಹಾರ್ವರ್ಡಿನ ಆ ಮೊಕದ್ದಮೆಯನ್ನು ಸಾಕ್ಷಿ ತರುವವರು ನಮ್ಮವರಲ್ಲ.

ಎಡಗಡೆಯ ಮಾಸಿಕಕ್ಕೂ ಹೇಳುವುದಿದೆ. ಅದರ ವಿಶೇಷ ಸಂಚಿಕೆಯ ಮುಖ್ಯ ಲೇಖನ ಡೇಟನ್ ಮೊಕದ್ದಮೆಯ ನೂರು ವರ್ಷಗಳ ಬಗ್ಗೆ. 1925ರ ಜುಲೈಯಲ್ಲಿ ಟೆನೆಸ್ಸಿಯ ಆ ಪುಟ್ಟ ಊರಿನಲ್ಲಿ ವಿಕಾಸವಾದ ಕಲಿಸಿದ ತಪ್ಪಿಗೆ ಜಾನ್ ಸ್ಕೋಪ್ಸ್ ಎಂಬ ಶಾಲಾಮಾಸ್ತರನಿಗೆ 100 ಡಾಲರ್ ದಂಡ ಬಿತ್ತು. ವಿಚಾರಣೆ ಮುಗಿದ ಐದೇ ದಿನಕ್ಕೆ ಸರ್ಕಾರದ ಪರ ವಾದಿಸಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ತೀರಿಕೊಂಡರು. ನಮ್ಮ ಮಿತ್ರರ ಲೇಖನ ಬ್ರಯಾನರನ್ನು ಮೂಢರ ನಾಯಕ ಎಂದು ಮುಗಿಸಿಬಿಡುತ್ತದೆ. ಬ್ರಯಾನ್ ಮೂರು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತದ್ದು ಡೆಮಾಕ್ರಟಿಕ್ ಪಕ್ಷದಿಂದ. 1896ರಲ್ಲಿ ಅವರು ಬ್ಯಾಂಕುಗಳ ಚಿನ್ನದ ನೀತಿಯ ವಿರುದ್ಧ ಗುಡುಗಿದ್ದು ಸಾಲದಲ್ಲಿ ಮುಳುಗಿದ ಗೋಧಿ, ಹತ್ತಿ ಬೆಳೆಗಾರರ ಪರವಾಗಿ. ವಿಜ್ಞಾನದ ವಿಷಯದಲ್ಲಿ ಅವರು ತಪ್ಪಿದರು. ವಿಕಾಸವಾದವನ್ನು ಶಾಲೆಯಲ್ಲಿ ಕಲಿಸಲೇಬೇಕು, ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಬಾಲ್ಟಿಮೋರಿನಿಂದ ಬಂದ ಪತ್ರಕರ್ತ ಎಚ್.ಎಲ್. ಮೆಂಕನ್ ಡೇಟನ್ನಿನ ರೈತರನ್ನು, ಅಂಗಡಿಕಾರರನ್ನು ಹಳ್ಳಿಗೊಡ್ಡುಗಳು ಎಂದು ದೇಶಕ್ಕೆಲ್ಲ ನಗೆಪಾಟಲು ಮಾಡಿದರಲ್ಲ, ಬ್ರಯಾನ್ ಸತ್ತ ಮೇಲೂ ಬಿಡದೆ ವಿಷ ಕಾರಿ ಬರೆದರಲ್ಲ, ಆ ತಿರಸ್ಕಾರದ ಬಗ್ಗೆ ಲೇಖನದಲ್ಲಿ ಒಂದು ಸಾಲಿಲ್ಲ. ಅಮೆರಿಕದ ಹಳ್ಳಿಗಳು ನಗರದ ಪತ್ರಿಕೆಗಳನ್ನು ಇವತ್ತಿಗೂ ನಂಬದಿರುವುದಕ್ಕೆ ಆ ಬೇಸಗೆಯ ಬರಹಗಳೂ ಒಂದು ಕಾರಣ ಎಂದೇ ನಾವು ತಿಳಿದಿದ್ದೇವೆ.

ನಮಗೆ ಇದು ಓದಿ ತಿಳಿದ ವಿಷಯ ಮಾತ್ರವಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇಕಡಾ 94 ಪಡೆದು ಮೊದಲು ಬಂತು, ಯಾದಗಿರಿ ಶೇಕಡಾ 50.59 ಪಡೆದು ಕೊನೆಗೆ ಉಳಿಯಿತು. ಆ ವಾರ ನಮ್ಮ ಜಿಲ್ಲೆಯ ಬಗ್ಗೆ ಬಂದ ಬರಹಗಳನ್ನು ಕತ್ತರಿಸಿ ಇಟ್ಟಿದ್ದೇವೆ. ಖಾಲಿ ಬಿದ್ದ ಮಾಸ್ತರ ಹುದ್ದೆಗಳ ಮಾತು ಎಲ್ಲೋ ಒಂದು ಮೂಲೆಯಲ್ಲಿ. ಗುಳೆ ಹೋದ ತಂದೆತಾಯಿಯ ಹಿಂದೆ ಬೆಂಗಳೂರಿನ ಕಟ್ಟಡಗಳ ನೆರಳಿನಲ್ಲಿ ಅರ್ಧ ವರ್ಷ ಕಳೆಯುವ ಮಕ್ಕಳ ಮಾತು ಇಲ್ಲವೇ ಇಲ್ಲ. ಇದ್ದದ್ದು ಜಾತ್ರೆ, ಹರಕೆ, ಮೂಢನಂಬಿಕೆ, ಹಿಂದುಳಿದ ಮನಸ್ಸು. ಪ್ರಗತಿಪರರು ಎನಿಸಿಕೊಂಡವರೇ ಬರೆದದ್ದು. ಆ ಕೂಲಿಯವನು ಕಟ್ಟಿದ ಮನೆಯಲ್ಲಿ ಕೂತು ಅವನ ದೇವರನ್ನು ಹೀಗಳೆದರೆ, ನಾಳೆ ಅವನು ಯಾರ ಮೆರವಣಿಗೆಯಲ್ಲಿ ನಡೆದಾನು ಎಂದು ಆಶ್ಚರ್ಯಪಡುವ ಹಕ್ಕು ಅವರಿಗಿಲ್ಲ.

ಎರಡೂ ಪತ್ರಿಕೆಗಳು ಎಡ್ಮಂಡ್ ಬರ್ಕನ ಹೆಸರು ಹೇಳುತ್ತವೆ, ಒಂದು ಪೂಜಿಸಲು, ಇನ್ನೊಂದು ಜರೆಯಲು. ಎರಡಕ್ಕೂ ಗೊತ್ತಿರುವ ಬರ್ಕ್ 1790ರಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿದವನು. ಅಮೆರಿಕದ ರಸೆಲ್ ಕರ್ಕ್ 1953ರಲ್ಲಿ ಸಂಪ್ರದಾಯವಾದದ ವಂಶಾವಳಿ ಬರೆದಾಗ ಮೂಲಪುರುಷನಾಗಿ ಕೂರಿಸಿದ್ದು ಅವನನ್ನೇ. ಆದರೆ ಬರ್ಕ್ ತನ್ನ ಜೀವನದ ಎಷ್ಟೋ ವರ್ಷಗಳನ್ನು ತೇಯ್ದದ್ದು ನಮಗಾಗಿ. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನನ್ನು 1788ರಲ್ಲಿ ಬ್ರಿಟಿಷ್ ಸಂಸತ್ತಿನ ಕಟಕಟೆಗೆ ತಂದವನು ಅವನು. 1795ರಲ್ಲಿ ಹೇಸ್ಟಿಂಗ್ಸ್ ಎಲ್ಲ ಆರೋಪಗಳಿಂದ ಬಿಡುಗಡೆಯಾದ, ಬರ್ಕ್ ಸೋತ. ಅವನ ವಾದ ಸೋಲಲಿಲ್ಲ. ತಾವು ಕಾಡಿನಲ್ಲಿದ್ದ ಕಾಲಕ್ಕೆ ಈ ಜನ ನಾಗರಿಕರಾಗಿದ್ದರು, ಇವರ ಮನೆತನ, ದೇವಸ್ಥಾನ, ಕಟ್ಟುಕಟ್ಟಳೆಗಳನ್ನು ಒಂದು ವ್ಯಾಪಾರಿ ಕಂಪನಿ ಲಾಭಕ್ಕಾಗಿ ಒಡೆಯಬಾರದು ಎಂದು ತನ್ನ ದೇಶದವರ ಎದುರು ನಿಂತು ಹೇಳಿದ. ಪರರ ಸಂಪ್ರದಾಯಕ್ಕೂ ತನ್ನದರಷ್ಟೇ ಮಾನ ಕೊಟ್ಟ ಈ ಬರ್ಕನಿಗೆ ಇಂದಿನ ಟೆಕ್ಸಸ್ಸಿನ ವೇದಿಕೆಗಳಲ್ಲಿ ಜಾಗವಿಲ್ಲ. ಬೆಂಗಳೂರಿನಲ್ಲೂ ಇಲ್ಲ.

ಸುರಪುರದವರಿಗೆ ಈ ಬರ್ಕ್ ದೂರದವನಲ್ಲ. 1705ರಲ್ಲಿ ವಾಗಣಗೇರಿಯ ಮುಂದೆ ಔರಂಗಜೇಬನನ್ನೇ ನಿಲ್ಲಿಸಿದ ಬೇಡ ನಾಯಕರ ಸಂಸ್ಥಾನ ಇದು. 1842ರಿಂದ 1853ರವರೆಗೆ ಇಲ್ಲಿಯ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸಂಸ್ಥಾನದ ಲೆಕ್ಕಪತ್ರ ಸರಿಪಡಿಸಿದರು, ರಾಣಿ ಈಶ್ವರಮ್ಮನವರ ಜೊತೆ ಜಗಳವಾಡುತ್ತಲೇ ಬಾಲಕ ರಾಜಾ ವೆಂಕಟಪ್ಪ ನಾಯಕರನ್ನು ಬೆಳೆಸಿದರು, ಪ್ರಾಯಕ್ಕೆ ಬಂದ ಮೇಲೆ ರಾಜ್ಯವನ್ನು ಅವರ ಕೈಗೆ ಒಪ್ಪಿಸಿ ಹೋದರು. ನಾಯಕರು ಅವರನ್ನು ಕರೆಯುತ್ತಿದ್ದದ್ದು ಅಪ್ಪಾ ಎಂದು. 1858ರಲ್ಲಿ ನಾಯಕರು ಕಂಪನಿಯ ಮೇಲೆ ತಿರುಗಿಬಿದ್ದು ಸೆರೆಯಾದರು. ಶಿಕ್ಷೆ ಇಳಿಯಲು ಟೇಲರ್ ಓಡಾಡಿದರು. ನಾಲ್ಕು ವರ್ಷದ ಸೆರೆಗೆಂದು ಚೆಂಗಲಪಟ್ಟಿನ ಕಡೆ ಸಾಗುವ ದಾರಿಯಲ್ಲಿ ನಾಯಕರು ಗುಂಡೇಟಿಗೆ ಬಲಿಯಾದರು. ತಾನೇ ಹಾರಿಸಿಕೊಂಡ ಗುಂಡು ಎಂದು ಟೇಲರ್ ಬರೆದರು, ಸುರಪುರದ ಮಂದಿ ಅದನ್ನು ನಂಬಲಿಲ್ಲ. 1860ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟುಬಿಟ್ಟರು. ಈ ಕತೆಯಲ್ಲಿ ಟೇಲರರ ಪ್ರೀತಿಯೂ ನಿಜ, ಅವರು ದುಡಿದ ಸಾಮ್ರಾಜ್ಯದ ದ್ರೋಹವೂ ನಿಜ. ಎಡದ ಪತ್ರಿಕೆಗೆ ಟೇಲರ್ ಬರೀ ವಸಾಹತುಶಾಹಿ, ಬಲದ ಪತ್ರಿಕೆಗೆ ನಾಯಕರು ಬರೀ ಕ್ಯಾಲೆಂಡರಿನ ಚಿತ್ರ. ಅಮೆರಿಕದಲ್ಲಿ ರಾಬರ್ಟ್ ಲೀ ಪ್ರತಿಮೆ ಇಳಿಸಿದ್ದರ ಬಗ್ಗೆ ಇಬ್ಬರೂ ಪುಟಗಟ್ಟಲೆ ಬರೆದಿದ್ದಾರೆ. ಬೆಟ್ಟದ ಮೇಲಿನ ಟೇಲರ್ ಮಂಜಿಲ್ಲಿಗೆ, ನಾಯಕರ ಅರಮನೆಗೆ ಬಂದು ನೋಡಿ ಹೋದವರು ಯಾರು?

ನಾವು ಉಳಿಸಬೇಕೆನ್ನುವುದು ಯಾವುದನ್ನು ಎಂದು ಕೇಳುತ್ತಾರೆ. ಕೃಷ್ಣೆಯ ದಂಡೆಯ ತಿಂಥಣಿಗೆ ಬನ್ನಿ. ಮೌನೇಶ್ವರನನ್ನು ಮೌನುದ್ದೀನ ಎಂದೂ ಕೂಗುವ ಜಯಘೋಷದಲ್ಲಿ ಪೀರರ ಹೆಸರೂ ಬರುತ್ತದೆ. ಹಾಗೆ ಕೂಗುವವರು ಜಾತ್ಯತೀತತೆಯ ಭಾಷಣ ಕೇಳಿ ಬಂದವರಲ್ಲ, ಅಪ್ಪ ಅಜ್ಜ ಕೂಗಿದ್ದಕ್ಕೆ ತಾವೂ ಕೂಗುವವರು. ಕೊಡೇಕಲ್ಲಿನಲ್ಲಿ ಕೊಡೇಕಲ್ ಬಸವಣ್ಣನ ಕಾಲಜ್ಞಾನದ ವಚನಗಳಿವೆ, ಅಮರಗನ್ನಡವೆಂಬ ಲಿಪಿಯಿದೆ. ಆ ಲಿಪಿ ಓದಬಲ್ಲ ಮುಂದಿನ ತಲೆಮಾರನ್ನು ತಯಾರು ಮಾಡಲು ಯಾವ ವಿಶ್ವವಿದ್ಯಾಲಯ ಎಷ್ಟು ಹಣ ಎತ್ತಿಟ್ಟಿದೆ ಎಂದು ಯಾರೂ ಕೇಳುತ್ತಿಲ್ಲ. ಕಲ್ಯಾಣದ ಬಸವಣ್ಣನವರಿಗಿಂತ ಹಿಂದಿನ ವಚನಕಾರ ದಾಸಿಮಯ್ಯನ ಊರು ನಮ್ಮ ಮುದನೂರು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯುವ, ರಿವಾಯತ್ ಪದ ಹಾಡುವ ಲಿಂಗಾಯತ, ಕುರುಬ, ಬೇಡ ಹುಡುಗರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಬಲಪಂಥದ ಪತ್ರಿಕೆ ಇದನ್ನು ಕಲಬೆರಕೆ ಎನ್ನುತ್ತದೆ. ಹಳೆಯದನ್ನು ಕಾಯುತ್ತೇವೆ ಎನ್ನುವವರು ನೂರಾರು ವರ್ಷ ಹಳೆಯ ಪದ್ಧತಿಯನ್ನು ಶುದ್ಧೀಕರಿಸಲು ಹೊರಟರೆ ಅವರು ಹಳೆಯದರ ಶತ್ರುಗಳು. ಈ ಮಾತನ್ನು ಇದಕ್ಕಿಂತ ಮೆತ್ತಗೆ ಹೇಳಲು ನಮಗೆ ಬರುವುದಿಲ್ಲ.

ಪಠ್ಯಪುಸ್ತಕದ ಜಗಳವೂ ಇದೇ ಜಾತಿಯದು. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಬಸವಣ್ಣನವರ ಪಾಠಕ್ಕೆ ಕೈ ಹಾಕಿದಾಗ ತಿರುಗಿ ನಿಂತವರಲ್ಲಿ ಮಠಾಧೀಶರೇ ಮುಂದಿದ್ದರು, ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆ ಹಿಂತೆಗೆದುಕೊಂಡರು, ಸಮಿತಿಯೇ ವಿಸರ್ಜನೆಯಾಯಿತು. 2023ರಲ್ಲಿ ಸರ್ಕಾರ ಬದಲಾಗಿ ಪಾಠಗಳೂ ಬದಲಾದವು. ಅಮೆರಿಕದ ಶಾಲೆಗಳಲ್ಲಿ 2023-24ರ ಒಂದೇ ವರ್ಷದಲ್ಲಿ ಪುಸ್ತಕ ತೆಗೆದ ಪ್ರಕರಣಗಳನ್ನು ಪೆನ್ ಅಮೆರಿಕ ಸಂಸ್ಥೆ ಹತ್ತು ಸಾವಿರಕ್ಕೂ ಮೇಲೆ ಎಣಿಸಿದೆ. ಅಲ್ಲಿ ಪುಸ್ತಕ ಇದ್ದು ತೆಗೆಯುತ್ತಾರೆ. ನಮ್ಮ ಹಳ್ಳಿಶಾಲೆಯಲ್ಲಿ ತೆಗೆಯಲು ಕಪಾಟೇ ಇಲ್ಲ. 2025ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷರು ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿಗೆ ಹಣ ಕೊಡುವ ಒಕ್ಕೂಟ ಸಂಸ್ಥೆಯನ್ನೇ ಕುಗ್ಗಿಸಲು ಆದೇಶ ಹೊರಡಿಸಿದರು, ಜುಲೈಯಲ್ಲಿ ಸಾರ್ವಜನಿಕ ಬಾನುಲಿ, ಟೀವಿಗಳಿಗೆ ಇಟ್ಟಿದ್ದ 1.1 ಬಿಲಿಯನ್ ಡಾಲರನ್ನು ಅಲ್ಲಿಯ ಸಂಸತ್ತು ಹಿಂದಕ್ಕೆ ಪಡೆಯಿತು. ಏಟು ಬಿದ್ದದ್ದು ಹಳ್ಳಿಗಾಡಿನ ನಿಲಯಗಳಿಗೆ, ಅಂದರೆ ಅವರಿಗೇ ಓಟು ಹಾಕಿದ ಊರುಗಳಿಗೆ. ಇಂಥದ್ದನ್ನು ಸಂಪ್ರದಾಯದ ರಕ್ಷಣೆ ಎಂದು ಕನ್ನಡದಲ್ಲಿ ಬರೆಯುವವರಿಗೆ ನಾಚಿಕೆ ಆಗಬೇಕು.

ಅಮೆರಿಕದಿಂದ ಕಲಿಯಲೇಬೇಕೆಂದರೆ ಕೆಂಟಕಿಯ ವೆಂಡೆಲ್ ಬೆರಿ ಅವರನ್ನು ಓದಿ. ಹೆನ್ರಿ ಕೌಂಟಿಯ ತಮ್ಮ ಹೊಲಕ್ಕೆ ಮರಳಿ ಹೋಗಿ ಅಲ್ಲೇ ಉಳಿದು ಬರೆದ ರೈತ. ಯಂತ್ರ, ಸಾಲ, ದೊಡ್ಡ ಕಂಪನಿಗಳು ಸೇರಿ ಒಕ್ಕಲುತನವನ್ನೂ ಊರನ್ನೂ ಹೇಗೆ ಬಿಚ್ಚಿಹಾಕುತ್ತವೆ ಎಂದು 1977ರಲ್ಲೇ ಪುಸ್ತಕ ಬರೆದವರು. ಎರಡೂ ವಿಶೇಷ ಸಂಚಿಕೆಗಳಲ್ಲಿ ಅವರ ಹೆಸರಿಲ್ಲ.

ನಾವು ನಮ್ಮ ನೆಲಕ್ಕೇ ಮರಳುತ್ತೇವೆ: ನಮ್ಮ ಈ ಸಂಚಿಕೆಯ ವಿಷಯ ಸಗರನಾಡಿನ ಹಸ್ತಪ್ರತಿಗಳು ಮತ್ತು ಅವುಗಳನ್ನು ಕಾಯುತ್ತಿರುವ ಮನೆಗಳು.

ಆ ಎರಡು ಮಾಸಿಕಗಳ ಸಂಪಾದಕರು ಉತ್ತರ ಬರೆದರೆ ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ. ಒಂದೇ ಷರತ್ತು: ಬರೆಯುವ ಮೊದಲು ಶಹಾಪುರದ ಹತ್ತಿ ಪೇಟೆಯನ್ನೂ ತಿಂಥಣಿಯ ಜಾತ್ರೆಯನ್ನೂ ನೋಡಿರಬೇಕು. ಉಳಿದುಕೊಳ್ಳಲು ಸುರಪುರದಲ್ಲಿ ನಮ್ಮ ಓದುಗರ ಮನೆಗಳಿವೆ.