ಬೆಕ್ಕು ತರುವುದು ಸುಲಭ, ಸಾಕುವುದು ಯಾರು?

ಮದ್ರಸದಲ್ಲಿ ಮಕ್ಕಳು ನಮ್ಮಲ್ಲಿ ಕೇಳುವ ಪ್ರಶ್ನೆಗಳಲ್ಲಿ ಬೆಕ್ಕಿನದ್ದು ಒಂದು ಇದ್ದೇ ಇರುತ್ತದೆ. "ಉಸ್ತಾದ್, ಬೆಕ್ಕು ಮುಸಲ್ಲಾದ ಮೇಲೆ ಕೂತರೆ ನಮಾಝ್ ಆಗುತ್ತದಾ?" "ಬೆಕ್ಕು ಬಾಯಿ ಹಾಕಿದ ನೀರಲ್ಲಿ ವುಝೂ ಮಾಡಬಹುದಾ?" ಉತ್ತರ ಹದೀಸಿನಲ್ಲೇ ಇದೆ. ವುಝೂಗೆ ಇಟ್ಟ ನೀರಿಗೆ ಬೆಕ್ಕು ಬಂದಾಗ ಸಹಾಬಿ ಅಬೂ ಖತಾದ(ರ.ಅ.)ರು ಅದು ಕುಡಿಯಲಿ ಎಂದು ಪಾತ್ರೆಯನ್ನೇ ವಾಲಿಸಿ ಹಿಡಿದರು. ನೋಡುತ್ತಿದ್ದ ಸೊಸೆಗೆ ಆಶ್ಚರ್ಯ. ಬೆಕ್ಕು ನಜಸ್ ಅಲ್ಲ, ಮನೆಯೊಳಗೆ ಸುತ್ತಾಡಿಕೊಂಡಿರುವ ಜೀವ ಎಂದು ಪ್ರವಾದಿ(ಸ.ಅ.)ರು ಕಲಿಸಿದ್ದನ್ನು ಅವರು ತಿಳಿಸಿದರು.

ಮಕ್ಕಳ ಪ್ರಶ್ನೆ ಅಲ್ಲಿಗೆ ಮುಗಿಯಿತು. ದೊಡ್ಡವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಮನೆಯ ಬೆಕ್ಕು ನಾಲ್ಕು ಮರಿ ಹಾಕಿದರೆ ರಾತ್ರಿ ಗೋಣಿಯಲ್ಲಿ ಕಟ್ಟಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುತ್ತಾರಲ್ಲ, ಅದು ಸರಿಯಾ? ಮಸೀದಿಯ ಕಾಂಪೌಂಡಿನಲ್ಲಿ ಬಿಡುವವರೂ ಇದ್ದಾರೆ. ಅಲ್ಲಿ ಯಾರಾದರೂ ಏನಾದರೂ ಹಾಕುತ್ತಾರೆ ಎಂಬ ಸಮಾಧಾನ ಅವರಿಗೆ. ಸುಬ್‌ಹಿಗೆ ಹೋಗುವ ನಮಗೆ ಕಾಣುವುದು ಹಾಲು ಬಿಡದ ಮರಿಗಳು. ಒಂದನ್ನು ನಾಯಿ ಕಚ್ಚಿರುತ್ತದೆ, ಒಂದು ರಿಕ್ಷಾದ ಚಕ್ರಕ್ಕೆ ಸಿಕ್ಕಿರುತ್ತದೆ.

ಈಗೀಗ ಪರ್ಷಿಯನ್ ಬೆಕ್ಕಿನ ಶೋಕಿ ಬಂದಿದೆ. ಪೆರ್ನಾಲ್‌ಗೆ ಮಕ್ಕಳು ಹಠ ಹಿಡಿದರೆ ಸಾವಿರಾರು ರೂಪಾಯಿ ಕೊಟ್ಟು ತರುತ್ತಾರೆ. ಅದರ ಉದ್ದ ಕೂದಲನ್ನು ದಿನವೂ ಬಾಚಬೇಕು, ಇಲ್ಲದಿದ್ದರೆ ಗಂಟು ಕಟ್ಟಿಕೊಳ್ಳುತ್ತದೆ. ಕಣ್ಣಲ್ಲಿ ನೀರು ಬರುತ್ತಿದ್ದರೆ ಒರೆಸಬೇಕು. ನಮ್ಮ ಕರಾವಳಿಯ ಸೆಖೆ ಅದಕ್ಕೆ ಆಗಿಬರುವುದಿಲ್ಲ. ಮೂರು ತಿಂಗಳಲ್ಲಿ ಮಕ್ಕಳ ಹಠ ಇಳಿಯುತ್ತದೆ, ಕೆಲಸ ಎಲ್ಲಾ ಉಮ್ಮನ ತಲೆಗೆ. ಆಮೇಲೆ ಅದೂ ಹೊರಗೆ. ಊರಿನ ಬೆಕ್ಕಾದರೆ ಹೇಗೋ ಇಲಿ ಹಿಡಿದು ಬದುಕೀತು, ಸೋಫಾದ ಮೇಲೆ ಬೆಳೆದದ್ದು ಏನು ಮಾಡಬೇಕು?

ಬೆಕ್ಕಿನ ಕಾರಣದಿಂದ ನರಕಕ್ಕೆ ಹೋದ ಹೆಂಗಸಿನ ಹದೀಸನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಆಕೆ ಮಾಡಿದ್ದೇನು? ಕಟ್ಟಿ ಹಾಕಿದಳು, ತಿನ್ನಲು ಕೊಡಲಿಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಫ್ಲ್ಯಾಟಿಗೆ ಬೀಗ ಹಾಕಿ ನಾಲ್ಕು ದಿನ ಮದುವೆಗೆ ಹೋಗುವವರು, ಬಾಲ್ಕನಿಯ ಬಿಸಿಲಲ್ಲಿ ಲವ್ ಬರ್ಡ್ಸ್ ಗೂಡು ತೂಗು ಹಾಕಿ ನೀರು ಮರೆಯುವವರು ಈ ಹದೀಸನ್ನು ಇನ್ನೊಮ್ಮೆ ಓದಬೇಕು. ಶಾಫಿಈ ಫಿಕ್‌ಹ್ ಕಿತಾಬ್‌ಗಳಲ್ಲಿ ಹೆಂಡತಿ ಮಕ್ಕಳ ಖರ್ಚಿನ ಮಾತು ಬರುವ ನಫಖದ ಅಧ್ಯಾಯದಲ್ಲೇ ಸಾಕುಪ್ರಾಣಿಯ ಮೇವು, ನೀರು ಯಜಮಾನನ ಮೇಲೆ ವಾಜಿಬ್ ಎಂದಿದೆ. ಇಷ್ಟ ಇದ್ದರೆ ಕೊಡುವ ಸದಖಾ ಅಲ್ಲ ಅದು.

ದೇಶದ ಕಾನೂನೂ ಹಾಗೇ ಇದೆ. ಪ್ರಾಣಿ ಹಸಿವು ಬಾಯಾರಿಕೆಯಿಂದ ನರಳುವಂತೆ ಸಕಾರಣವಿಲ್ಲದೆ ಬಿಟ್ಟು ಬರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಅಪರಾಧ. ನಮ್ಮ ತೋಟದ ಹಸಿರು ಗಿಳಿಯನ್ನಂತೂ ಗೂಡಿನಲ್ಲಿ ಸಾಕುವ ಹಾಗೆಯೇ ಇಲ್ಲ, ಅದು 1972ರ ವನ್ಯಜೀವಿ ಕಾಯ್ದೆಗೆ ಬರುತ್ತದೆ.

ಮರಿಯಾಗದಂತೆ ಆಪರೇಷನ್ ಮಾಡಿಸಬಹುದಾ ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಇದೆ, ನಿಮ್ಮ ಮೊಹಲ್ಲಾದ ಖತೀಬರಲ್ಲಿ ಕೇಳಿ. ಗೋಣಿಯಲ್ಲಿ ಕಟ್ಟಿ ಎಸೆಯುವುದರಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಮರಿ ಹೆಚ್ಚಾದರೆ ತಾಯಿಯ ಹಾಲು ಬಿಡುವವರೆಗೆ ಇಟ್ಟುಕೊಂಡು ಬೇಕಾದವರಿಗೆ ಕೊಡಿ. ಜುಮಾ ಮುಗಿದು ಹೊರಗೆ ನಿಂತಾಗ ನಾಲ್ಕು ಜನರಲ್ಲಿ ಹೇಳಿದರೆ ಒಬ್ಬರಾದರೂ ಸಿಗುತ್ತಾರೆ. ಊರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಕೀ ಕೊಟ್ಟು ಹೋಗಿ. ಎರಡು ಬೂತಾಯಿ ತಲೆ, ಒಂದು ಬಟ್ಟಲು ನೀರು ಇಡಲು ನಮ್ಮ ನೆರೆಯವರು ಯಾರೂ ಇಲ್ಲ ಎನ್ನಲಿಕ್ಕಿಲ್ಲ.