ಜಲಾಶಯದ ಮಟ್ಟವೂ ಬೆಸ್ತರ ಬಾಳೂ

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ ೩೩ ಬಾಗಿಲುಗಳ ಪೈಕಿ ೧೯ನೆಯದು ೨೦೨೪ನೆಯ ಇಸವಿ ಆಗಸ್ಟ್ ೧೦ರ ರಾತ್ರಿ ಸರಪಳಿ ಕಡಿದು ಕೊಚ್ಚಿಹೋದ ಸಂಗತಿಯು ನಮ್ಮ ವಾಚಕರ ನೆನಪಿನಿಂದ ಮಾಸಿರಲಾರದು. ಅಂದು ಉಳಿದ ಬಾಗಿಲುಗಳನ್ನೂ ತೆರೆದು ನೀರಿನ ಒತ್ತಡವನ್ನು ತಗ್ಗಿಸಿ, ಸುಮಾರು ಒಂದು ವಾರದೊಳಗೆ ತಾತ್ಕಾಲಿಕವಾದ ತಡೆಯನ್ನು ಇಳಿಸಿದ ಎಂಜಿನಿಯರುಗಳ ಹಾಗೂ ಕೆಲಸಗಾರರ ಸಾಹಸವನ್ನು ನಾಡು ಮೆಚ್ಚಿಕೊಂಡುದು ಯುಕ್ತವೇ ಸರಿ. ಹಳೆಯ ಬಾಗಿಲುಗಳನ್ನು ನಂಬಲಾಗದೆಂದು ೨೦೨೫ರಲ್ಲಿ ಸಂಗ್ರಹವನ್ನು ೮೦ ಶತಕೋಟಿ ಘನ ಅಡಿಗಳಿಗೆ ಮಿತಗೊಳಿಸಿದಾಗ, ಅಚ್ಚುಕಟ್ಟಿನ ರೈತರ ಪರವಾಗಿ ಸಭೆಗಳು ಸೇರಿದವು, ಮನವಿಗಳು ಹೋದವು, ಮಂತ್ರಿಗಳು ಉತ್ತರ ಕೊಟ್ಟರು. ಇದೂ ಆಗತಕ್ಕದ್ದೇ. ಆದರೆ ಜಲಾಶಯದ ಮಟ್ಟವು ಏರಿದಂತೆ ಏರಿ, ಇಳಿದಂತೆ ಇಳಿಯುವ ಬಾಳು ಇನ್ನೊಂದಿದೆ. ಹರಿಗೋಲಿನಲ್ಲಿ ಕುಳಿತು ಬಲೆ ಬೀಸುವ ಬೆಸ್ತರ ಬಾಳು ಅದು. ಅವರ ಮಾತನ್ನು ಈ ಗದ್ದಲದಲ್ಲಿ ಕೇಳಿದವರು ವಿರಳ.

ಈ ಅಣೆಕಟ್ಟಿನ ಕೆಲಸಕ್ಕೆ ೧೯೪೫ರಲ್ಲಿ ಅಡಿಗಲ್ಲು ಬಿದ್ದಾಗ ನದಿಯ ಒಂದು ದಡ ಮದರಾಸಿನವರದು, ಇನ್ನೊಂದು ದಡ ನಿಜಾಮರದು. ಎರಡು ದಡಗಳ ಮೇಲೂ ಇದ್ದವರು ಮಾತ್ರ ಕನ್ನಡಿಗರು. ೧೯೫೩ರಲ್ಲಿ ನೀರು ನಿಂತಿತು. ಸುಮಾರು ೯೦ ಹಳ್ಳಿಗಳು ಮುಳುಗಿದವು. ತುಂಬಿದಾಗ ಸುಮಾರು ೩೭೮ ಚದರ ಕಿಲೋಮೀಟರು ಹರಡುವ ಈ ಜಲರಾಶಿಯು ಮೊದಲಿಗೆ ೧೩೨ ಶತಕೋಟಿ ಘನ ಅಡಿಗಳಿಗೂ ಮಿಕ್ಕು ನೀರನ್ನು ಹಿಡಿಯುತ್ತಿತ್ತು. ಹೂಳು ತುಂಬಿದುದರಿಂದ ೨೦೧೬ರ ಅಳತೆಯ ವೇಳೆಗೆ ಅದು ೧೦೫ಕ್ಕೆ ಇಳಿದಿತ್ತು. ಊರು ಹೊಲಗಳನ್ನು ಕಳೆದುಕೊಂಡ ಸೀಮೆಗೆ ಈ ನೀರು ಹೊಸದಾಗಿ ಕೊಟ್ಟ ಕಸುಬುಗಳಲ್ಲಿ ಮೀನುಗಾರಿಕೆಯು ಮುಖ್ಯವಾದುದು. ಅಣೆಕಟ್ಟನ್ನು ಆಳುವ ತುಂಗಭದ್ರಾ ಮಂಡಳಿಯೇ ಮೀನುಗಾರಿಕೆಯ ಶಾಖೆಯನ್ನೂ ಮೀನುಮರಿಗಳನ್ನು ಬೆಳೆಸುವ ಕ್ಷೇತ್ರವನ್ನೂ ಇಟ್ಟುಕೊಂಡಿರುವುದು ಶ್ಲಾಘನೀಯವಾಗಿದೆ. ಆದರೆ ಮರಿಯನ್ನು ಬಿಡುವ ಕೈಗೂ ನೀರನ್ನು ಬಿಡುವ ಕೈಗೂ ಸಾಕಷ್ಟು ಪರಿಚಯವಿದೆಯೆ ಎಂಬುದು ನಮ್ಮ ಪ್ರಶ್ನೆ.

ಕೆರೆಯ ಮೀನಿನ ಬಾಳು ಬೇರೆ, ಜಲಾಶಯದ ಮೀನಿನ ಬಾಳು ಬೇರೆ. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಮಳೆಯಿಂದ ನೀರೇರಿ, ಬೇಸಗೆಯಲ್ಲಿ ಹುಲ್ಲು ಬೆಳೆದ ಅಂಚುಗಳನ್ನು ನುಂಗುತ್ತದೆ. ಮುಳುಗಿದ ಹುಲ್ಲು ಕೊಳೆತು ಸೂಕ್ಷ್ಮಜೀವಿಗಳು ಹುಟ್ಟುತ್ತವೆ. ಅವು ಮೀನುಮರಿಗಳಿಗೆ ಮೊದಲ ಆಹಾರ. ಮೀನುಗಳು ಆಗ ಆಳವನ್ನು ಬಿಟ್ಟು ಅಂಚಿಗೆ ಬರುತ್ತವೆ. ಕಾಟ್ಲಾ, ರೋಹು, ಮೃಗಾಲ್ ಜಾತಿಯ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡವು. ಅವಕ್ಕೆ ಹರಿಯುವ ಹೊಸನೀರು ಬೇಕು. ಕೊರವ ಮೀನಿನಂಥವು ಅಂಚಿನ ಜೊಂಡಿನ ನಡುವೆ ಗೂಡು ಮಾಡಿ ಮರಿಗಳನ್ನು ಕಾಯುತ್ತವೆ. ಕಾಲುವೆಗಳಿಗೆ ನೀರು ಹೋಗುತ್ತ ಮಟ್ಟವು ಕುಸಿದಾಗ ಜೊಂಡು ಒಣಗುತ್ತದೆ, ಗೂಡು ಬಯಲಾಗುತ್ತದೆ, ಮೀನೆಲ್ಲ ಹಳೆಯ ನದೀಪಾತ್ರದ ಮಡುಗಳಿಗೆ ಸರಿಯುತ್ತದೆ. ಆಗ ಬಲೆ ಬೀಸಿದವನಿಗೆ ರಾಶಿ ರಾಶಿಯಾಗಿ ಮೀನು ಸಿಕ್ಕುವುದುಂಟು. ಆದರೆ ಅದು ಸಮೃದ್ಧಿಯಲ್ಲ. ಮುಂದಿನ ವರ್ಷಕ್ಕೆ ತಾಯಿಯಾಗಬೇಕಾದ ಮೀನನ್ನೇ ಈ ವರ್ಷ ಮಾರಿದಂತಾಯಿತು. ಬಿತ್ತನೆಯ ಕಾಳನ್ನು ಬೇಯಿಸಿ ಉಂಡ ಒಕ್ಕಲಿಗನಿಗೂ ಇದಕ್ಕೂ ಭೇದವಿಲ್ಲ.

ಈ ಪ್ರಶ್ನೆಯು ನಮ್ಮ ದೇಶಕ್ಕೆ ಮಾತ್ರ ಬಂದುದಲ್ಲ. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಓಕಿಚೋಬಿ ಎಂಬ ದೊಡ್ಡ ಸರೋವರವುಂಟು. ವಿಸ್ತಾರ ಸುಮಾರು ೭೩೦ ಚದರ ಮೈಲಿ. ಆಳವಾದರೋ ಸರಾಸರಿ ಒಂಬತ್ತು ಅಡಿಗಳಷ್ಟೇ. ೧೯೨೮ರ ಚಂಡಮಾರುತದಲ್ಲಿ ಅದರ ನೀರು ದಡ ಮೀರಿ ಎರಡು ಸಾವಿರಕ್ಕೂ ಮಿಕ್ಕು ಜನರು ಸತ್ತಮೇಲೆ, ಅಲ್ಲಿಯ ಸರ್ಕಾರವು ಸರೋವರದ ಸುತ್ತ ಏರಿ ಹಾಕಿಸಿತು. ಅಂದಿನಿಂದ ನೀರಿನ ಮಟ್ಟವು ಪ್ರಕೃತಿಯ ಕೈತಪ್ಪಿ ಸೇನೆಯ ಎಂಜಿನಿಯರುಗಳ ಕೈಗೆ ಬಂದಿತು. ಕಬ್ಬಿನ ತೋಟದವರು ಬೇಸಗೆಗೆ ನೀರುಳಿಸಿರೆನ್ನುತ್ತಾರೆ. ಕರಾವಳಿಯ ಊರಿನವರು ಕೊಳೆತ ಪಾಚಿಯ ನೀರನ್ನು ನಮ್ಮ ಮೇಲೆ ಬಿಡಬೇಡಿರೆನ್ನುತ್ತಾರೆ. ಇವರ ನಡುವೆ ಮೂರನೆಯ ಕಕ್ಷಿಯೊಂದುಂಟು: ಬಾಸ್ ಎಂಬ ಮೀನನ್ನು ಗಾಳ ಹಾಕಿ ಹಿಡಿಯುವವರು ಮತ್ತು ಅವರಿಂದ ಜೀವನ ಸಾಗಿಸುವ ದೋಣಿಯವರು, ಅಂಗಡಿಯವರು, ವಸತಿಗೃಹದವರು.

ಈ ಬಾಸ್ ಮೀನಿನ ಗಂಡು ಅಂಚಿನ ತಗ್ಗುನೀರಿನಲ್ಲಿ ಬಾಲದಿಂದ ಕೆಸರನ್ನು ಗುಡಿಸಿ ಗೂಡು ಮಾಡಿ, ಹೆಣ್ಣಿಟ್ಟ ಮೊಟ್ಟೆಗಳನ್ನು ಕಾಯುತ್ತದೆ. ಆ ಕೆಲವೇ ದಿನಗಳಲ್ಲಿ ಮಟ್ಟವು ಥಟ್ಟನೆ ಇಳಿದರೆ ಗೂಡು ಒಣಗಿಹೋಗುತ್ತದೆ. ಮಟ್ಟವು ಬಹುಕಾಲ ಏರಿಯೇ ನಿಂತರೂ ಹಾನಿಯೇ. ಬೆಳಕು ತಳಕ್ಕೆ ಮುಟ್ಟದೆ ಜೊಂಡು ಸಾಯುತ್ತದೆ, ಜೊಂಡಿನೊಂದಿಗೆ ಮರಿಗಳ ಆಶ್ರಯವೂ ಹೋಗುತ್ತದೆ. ೨೦೦೭ರ ಬರದಲ್ಲಿ ಸರೋವರವು ಒಂಬತ್ತು ಅಡಿಗಿಂತಲೂ ಕೆಳಗಿಳಿದಾಗ ಎಲ್ಲರೂ ಕೈಚೆಲ್ಲಿದರು. ಆದರೆ ಬಯಲಾದ ತಳದಲ್ಲಿ ಹುದುಗಿದ್ದ ಬೀಜಗಳು ಮೊಳೆತು, ನೀರು ಮರಳಿದಾಗ ಹಸುರಿನೊಂದಿಗೆ ಮೀನೂ ಮರಳಿತು. ಮಟ್ಟವು ಇಳಿಯುವುದೇ ಕೇಡಲ್ಲ, ಅಕಾಲದಲ್ಲಿಯೂ ಅವಸರದಲ್ಲಿಯೂ ಇಳಿಯುವುದು ಕೇಡು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ೨೦೦೮ರ ಕಟ್ಟಳೆಯಲ್ಲಿ ಮಟ್ಟವನ್ನು ಹನ್ನೆರಡೂವರೆ ಅಡಿಯಿಂದ ಹದಿನೈದೂವರೆ ಅಡಿಯೊಳಗಿರಿಸಲು ಗೊತ್ತುಮಾಡಿದ್ದರು. ಅದನ್ನು ಬದಲಿಸಿ ೨೦೨೪ರಲ್ಲಿ ಹೊಸ ಕಟ್ಟಳೆಯನ್ನು ಜಾರಿಗೆ ತರುವ ಮೊದಲು ವರ್ಷಗಟ್ಟಲೆ ಬಹಿರಂಗ ಸಭೆಗಳನ್ನು ನಡೆಸಿ ಎಲ್ಲ ಕಕ್ಷಿಗಳ ಅಭಿಪ್ರಾಯವನ್ನೂ ಲಿಖಿತವಾಗಿ ತೆಗೆದುಕೊಂಡರು. ಎಲ್ಲರಿಗೂ ತೃಪ್ತಿಯಾಯಿತೆಂದು ನಾವು ಹೇಳುವುದಿಲ್ಲ. ಗಾಳ ಹಿಡಿದವನ ಮಾತೂ ಕಡತದೊಳಗೆ ಸೇರಿತು ಎಂಬಷ್ಟೇ ನಮ್ಮ ಮಾತು.

ಅಲ್ಲಿ ವಿನೋದಕ್ಕಾಗಿ ಮೀನು ಹಿಡಿಯುವವನಿಗೆ ದೊರೆತ ಮರ್ಯಾದೆಯು ಇಲ್ಲಿ ಹೊಟ್ಟೆಗಾಗಿ ಹಿಡಿಯುವವನಿಗೆ ದೊರೆಯದಿರುವುದು ಯಾವ ನ್ಯಾಯ? ಆ ದೇಶದ ಮೀನನ್ನು ನಮ್ಮ ನೀರಿಗೆ ತರಬೇಕೆಂದು ನಾವು ಸರ್ವಥಾ ಹೇಳುತ್ತಿಲ್ಲ. ಪರದೇಶದ ಮೀನುಗಳಿಂದ ನಮ್ಮ ಗೆಂಡೆ, ಬಾಳೆಮೀನುಗಳಿಗೆ ಆಗಿರುವ ಉಪದ್ರವವೇ ಸಾಕು. ತರಬೇಕಾದುದು ಅವರ ಪದ್ಧತಿಯನ್ನು. ನಮ್ಮಲ್ಲಿ ಮುನಿರಾಬಾದಿನಲ್ಲಿ ಸೇರುವ ನೀರಾವರಿ ಸಲಹಾ ಸಮಿತಿಯಲ್ಲಿ ಯಾವ ಕಾಲುವೆಗೆ ಎಂದಿನಿಂದ ಎಷ್ಟು ನೀರು ಎಂಬ ಚರ್ಚೆಯೇ ಸಭೆಯ ಸರ್ವಸ್ವವಾಗಿರುತ್ತದೆ.

ಅನ್ನ ಬೆಳೆಯುವ ರೈತನನ್ನೂ ಕುಡಿಯುವ ನೀರನ್ನೂ ಬಿಟ್ಟು ಮೀನಿಗಾಗಿ ಅಣೆಕಟ್ಟನ್ನು ನಡೆಸಲಾದೀತೆ ಎಂದು ಅಧಿಕಾರಿವರ್ಗದವರು ಕೇಳಬಹುದು. ಹಾಗೆ ನಡೆಸಬೇಕೆಂದು ಯಾವ ಬೆಸ್ತನೂ ಕೇಳಿಲ್ಲ. ಮೀನು ನೀರಿನಲ್ಲಿ ಬಾಳುತ್ತದೆಯೇ ಹೊರತು ನೀರನ್ನು ಖರ್ಚು ಮಾಡುವುದಿಲ್ಲ. ಬೇಕಾದುದು ಹೆಚ್ಚಿನ ನೀರಲ್ಲ, ಹೆಚ್ಚಿನ ವಿವೇಚನೆ. ಒಂದೇ ಪ್ರಮಾಣದ ನೀರನ್ನು ಹತ್ತು ದಿನಗಳಲ್ಲಿ ಬಿಡುವುದಕ್ಕೂ ಇಪ್ಪತ್ತು ದಿನಗಳಲ್ಲಿ ಬಿಡುವುದಕ್ಕೂ ರೈತನಿಗೆ ಭೇದವಾಗದ ಸಮಯಗಳುಂಟು. ಮೀನಿಗೆ ಅದೇ ಜೀವನ್ಮರಣದ ಭೇದ. ಬಾಗಿಲುಗಳನ್ನು ಹೊಸದಾಗಿ ಕೂರಿಸುವುದಕ್ಕೆ ನೀರು ಅವುಗಳ ಹೊಸ್ತಿಲಿಗಿಂತ ಕೆಳಗಿಳಿಯಲೇಬೇಕು; ಅಣೆಕಟ್ಟಿನ ಕ್ಷೇಮಕ್ಕಾಗಿ ಮಾಡುವ ಈ ಕೆಲಸವನ್ನು ನಾವು ಮನಃಪೂರ್ವಕವಾಗಿ ಅನುಮೋದಿಸುತ್ತೇವೆ. ಅದರ ಭಾರವನ್ನು ದನಿಯಿಲ್ಲದವನೊಬ್ಬನೇ ಮೌನವಾಗಿ ಹೊರಬಾರದೆಂಬುದಷ್ಟೇ ನಮ್ಮ ಬಿನ್ನಹ.

ಆದುದರಿಂದ ಸರ್ಕಾರದವರ ಮುಂದೆ ನಾಲ್ಕು ಸೂಚನೆಗಳನ್ನಿಡುತ್ತೇವೆ. ಮೊದಲನೆಯದಾಗಿ, ನೀರಾವರಿ ಸಲಹಾ ಸಮಿತಿಯಲ್ಲಿ ಮೀನುಗಾರರ ಸಹಕಾರ ಸಂಘಗಳ ಪ್ರತಿನಿಧಿಗೂ ಮೀನುಗಾರಿಕೆ ಇಲಾಖೆಯ ಅಧಿಕಾರಿಗೂ ಮಾತಿನ ಹಕ್ಕಿರಬೇಕು. ಎರಡನೆಯದಾಗಿ, ಜಲಾಶಯದ ಇಂದಿನ ಮಟ್ಟವನ್ನು ಪ್ರಕಟಿಸುವಂತೆ ಮುಂದಿನ ಹದಿನೈದು ದಿನಗಳ ಅಂದಾಜನ್ನೂ ದಡದ ಹಳ್ಳಿಗಳಿಗೆ ತಿಳಿಸಬೇಕು; ಬಲೆ, ಹರಿಗೋಲುಗಳ ರಕ್ಷಣೆಗೆ ಇದು ಅತ್ಯಗತ್ಯ. ಮೂರನೆಯದಾಗಿ, ನೀರು ತೀರ ಇಳಿದಾಗ ಮೀನು ಸೇರುವ ಆಳದ ಮಡುಗಳಲ್ಲಿ ಕೆಲವನ್ನಾದರೂ ಗುರುತಿಸಿ ಬಲೆಗೆ ನಿಷಿದ್ಧವೆಂದು ಸಾರಬೇಕು. ೧೯೯೬ರ ಒಳನಾಡು ಮೀನುಗಾರಿಕೆಯ ಕಾಯಿದೆಯು ಕೇವಲ ಕಪಾಟಿನಲ್ಲಿರಲು ಹುಟ್ಟಿದುದಲ್ಲ. ಬಿಡುವ ಮರಿಗಳೂ ನಾಲ್ಕು ಅಂಗುಲಕ್ಕೆ ಕಡಿಮೆಯಿಲ್ಲದೆ ಬೆಳೆದಿರಬೇಕು. ಹಾಗಿಲ್ಲದಿದ್ದರೆ ಸರ್ಕಾರದ ಹಣವು ದೊಡ್ಡ ಮೀನಿನ ಹೊಟ್ಟೆ ಸೇರಿದಂತೆಯೇ. ನಾಲ್ಕನೆಯದಾಗಿ, ಮಳೆ ತಪ್ಪಿದ ವರ್ಷ ರೈತನಿಗೆ ಕಂದಾಯದ ವಜಾ ಕೊಡುವುದು ನಮ್ಮ ನಾಡಿನ ಹಳೆಯ ರಾಜಧರ್ಮ. ಜಲಾಶಯವನ್ನು ಬರಿದು ಮಾಡಿದ ವರ್ಷ ಬೆಸ್ತನಿಗೂ ಪರವಾನಗಿಯ ಶುಲ್ಕದಲ್ಲಿ, ಗುತ್ತಿಗೆಯ ಹಣದಲ್ಲಿ ಅದೇ ಧರ್ಮದಿಂದ ವಜಾ ದೊರೆಯಬೇಕು. ರೈತನ ಬರವನ್ನು ದೇವರು ತಂದರೆ, ಬೆಸ್ತನ ಬರವನ್ನು ಎಷ್ಟೋ ಸಲ ಇಲಾಖೆಯ ಆಜ್ಞೆಯೇ ತರುತ್ತದೆ.

ಇವಾವುವೂ ಬೊಕ್ಕಸಕ್ಕೆ ಹೊರೆಯಾಗುವಂಥವಲ್ಲ. ಸಭೆಯಲ್ಲಿ ಒಂದು ಕುರ್ಚಿ, ಹಳ್ಳಿಗೊಂದು ಪ್ರಕಟಣೆ, ನಾಲ್ಕು ಮಡುಗಳಿಗೆ ಕಾವಲು, ಸಂಕಟದ ವರ್ಷದಲ್ಲಿ ಕೊಂಚ ದಯೆ: ಬೇಡಿಕೆಯೆಲ್ಲ ಇಷ್ಟೇ. ನದಿಯನ್ನು ಕಟ್ಟಿ ನಿಲ್ಲಿಸಿದ ಮೇಲೆ ಅದರ ಏರಿಳಿತಗಳಿಗೆ ಹೊಣೆಗಾರನು ಮಳೆರಾಯನಲ್ಲ, ಬಾಗಿಲಿನ ಕೀಲಿಯನ್ನು ಹಿಡಿದವನು. ಆ ಹೊಣೆಯನ್ನು ಅರಿತು ನಡೆಯುವುದು ಪ್ರಜಾಸರ್ಕಾರದ ಲಕ್ಷಣ. ಹೊಸ ಬಾಗಿಲುಗಳ ಹಿಂದೆ ನೀರು ಮತ್ತೆ ೧೬೩೩ ಅಡಿಗಳ ಗುರುತನ್ನು ಮುಟ್ಟಿದಾಗ, ಅದರ ಸಂತೋಷವು ಕಾಲುವೆಯ ಕೊನೆಯ ಗದ್ದೆಗೆ ತಲಪುವಂತೆಯೇ ದಡದ ಕೊನೆಯ ಬೆಸ್ತನ ಗುಡಿಸಲಿಗೂ ತಲಪಲಿ ಎಂದು ಹಾರೈಸುತ್ತೇವೆ.